ಮೂರು ವಾರದಿಂದ ತೂಕ 72ರಲ್ಲೇ ನಿಂತಿದೆ, ರಾತ್ರಿ ಊಟ ಬಿಡಲೇ?

ನಮ್ಮ ಗುಂಪಿನ ಸದಸ್ಯೆಯ ಪ್ರಶ್ನೆ (ಮುಂಬೈ ಬಳಿಯ ಡೊಂಬಿವಲಿಯಿಂದ, ವಯಸ್ಸು 43):
ಮೇಡಂ, ಅನ್ನ, ಚಪಾತಿ, ಸಕ್ಕರೆ ಬಿಟ್ಟು ಎರಡೂವರೆ ತಿಂಗಳಾಯಿತು. ಮೊದಲ ವಾರದಲ್ಲೇ ಎರಡೂವರೆ ಕೆಜಿ ಇಳಿದೆ. 78ರಿಂದ 72ಕ್ಕೆ ಬಂದೆ. ಆಮೇಲೆ ಮೂರು ವಾರದಿಂದ ಮುಳ್ಳು ಅಲ್ಲಾಡುತ್ತಿಲ್ಲ. ಊಟ ಅದೇ: ಮೊಟ್ಟೆ, ಬಂಗುಡೆ, ಪಲ್ಯ, ಮಜ್ಜಿಗೆ. ಮನೆಯಲ್ಲಿ "ಇದೆಲ್ಲ ಸಾಕು, ಗಂಜಿ ಊಟ ಮಾಡು" ಅನ್ನುತ್ತಾರೆ. ರಾತ್ರಿ ಊಟವನ್ನೂ ಬಿಟ್ಟುಬಿಡಲಾ?

ಉತ್ತರ (ಡಯಟಿಷಿಯನ್, ಮುಲುಂಡ್):
ಬಿಡಬೇಡಿ. ಊಟ ಈಗಾಗಲೇ ಕಡಿಮೆ ಇದೆ. ಇನ್ನೂ ಕತ್ತರಿಸಿದರೆ ಪ್ರೊಟೀನ್ ಸಾಲದೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ.

ಮೊದಲ ವಾರ ಇಳಿದದ್ದರಲ್ಲಿ ಹೆಚ್ಚಿನದು ನೀರು. ಅನ್ನ, ಚಪಾತಿ, ಸಕ್ಕರೆಯಲ್ಲಿರುವ ಕಾರ್ಬ್ (ಕಾರ್ಬೋಹೈಡ್ರೇಟ್) ಅಂಶವನ್ನು ಲಿವರ್ ಮತ್ತು ಸ್ನಾಯುಗಳು ಗ್ಲೈಕೋಜನ್ ಆಗಿ ಕೂಡಿಡುತ್ತವೆ. ಒಂದು ಗ್ರಾಂ ಗ್ಲೈಕೋಜನ್ ಜೊತೆ ಸುಮಾರು ಮೂರು ಗ್ರಾಂ ನೀರು ಇರುತ್ತದೆ. ಅನ್ನ ಬಿಟ್ಟಾಗ ಎರಡೂ ಬೇಗ ಖಾಲಿಯಾಗುತ್ತವೆ. ಆ ವೇಗ ಮತ್ತೆ ಬರುವುದಿಲ್ಲ, ಅದಕ್ಕೆ ಕಾಯಬೇಡಿ.

ಕೊಬ್ಬಿನ ಲೆಕ್ಕ ಬೇರೆ. ಒಂದು ಕೆಜಿ ಕೊಬ್ಬು ಅಂದರೆ ಸುಮಾರು 7,700 ಕ್ಯಾಲೊರಿ. ದಿನಕ್ಕೆ 300 ಕ್ಯಾಲೊರಿ ಕಡಿಮೆ ತಿಂದರೂ ಒಂದು ಕೆಜಿ ಕರಗಲು 25-26 ದಿನ ಬೇಕು. ಅದೇ ಸಮಯದಲ್ಲಿ ಒಂದು ದಿನದ ಉಪ್ಪಿನಕಾಯಿ, ಮುಟ್ಟಿನ ಹಿಂದಿನ ದಿನಗಳು, ಮಲಬದ್ಧತೆ, ಇಷ್ಟು ಸಾಕು ಒಂದೆರಡು ಕೆಜಿ ಏರಲು. ಒಳಗೆ ಕೊಬ್ಬು ಕರಗುತ್ತಿದ್ದರೂ ಮೆಷಿನ್ ಮೇಲೆ ಕಾಣದೇ ಇರಬಹುದು. ಜೊತೆಗೆ 78 ಕೆಜಿಯ ದೇಹಕ್ಕಿಂತ 72 ಕೆಜಿಯ ದೇಹ ಖರ್ಚು ಮಾಡುವುದೂ ಕಡಿಮೆ, ಅಲ್ವಾ? ನಿಧಾನವಾಗುವುದು ಸಹಜ.

ಇನ್ನೊಂದು ತಿಂಗಳು ಕಾಯಿರಿ. ವಾರಕ್ಕೊಮ್ಮೆ, ಬೆಳಗ್ಗೆ, ಬರಿಹೊಟ್ಟೆಯಲ್ಲಿ ತೂಕ ನೋಡಿ. ಹೊಕ್ಕುಳ ಮಟ್ಟದಲ್ಲಿ ಟೇಪ್ ಹಿಡಿದು ಸೊಂಟ ಅಳೆದು ಬರೆದಿಡಿ. ನಮ್ಮ ದೇಶದ ಹೆಣ್ಣುಮಕ್ಕಳಿಗೆ 80 ಸೆಂ.ಮೀ. ಒಳಗಿದ್ದರೆ ಒಳ್ಳೆಯದು. ನನಗೆ ತೂಕಕ್ಕಿಂತ ಈ ಅಳತೆಯ ಮೇಲೇ ನಂಬಿಕೆ ಜಾಸ್ತಿ.

ಎಣ್ಣೆ ಮತ್ತು ಕಾಯಿ ಒಮ್ಮೆ ನೋಡಿ. ಒಂದು ದೊಡ್ಡ ಚಮಚ ಎಣ್ಣೆಯಲ್ಲೇ 120 ಕ್ಯಾಲೊರಿ ಇದೆ. ಕಾರ್ಬ್ ಕಡಿಮೆ ಅಂತ ಗೋಡಂಬಿಯನ್ನೂ ಲೆಕ್ಕವಿಲ್ಲದೆ ತಿನ್ನುವವರಿದ್ದಾರೆ.

ಅದೇ ಸದಸ್ಯೆ:
ಕಾಯಿ ಅರೆದು ಪದಾರ್ಥ ಮಾಡದಿದ್ದರೆ ನಮ್ಮಲ್ಲಿ ಊಟವೇ ಆಗುವುದಿಲ್ಲ ಮೇಡಂ. ಮತ್ತೆ, ಕಳೆದ ವಾರ ಎರಡು ಬ್ಲೌಸ್ ಟೈಟ್ ಮಾಡಿಸಿದೆ. ಅದು ಲೆಕ್ಕಕ್ಕೆ ಬರುತ್ತದಾ?

ಉತ್ತರ:
ಬಂತು ನೋಡಿ! ತೂಕ ನಿಂತಿರುವಾಗ ಬ್ಲೌಸ್ ಸಡಿಲವಾಗಿದೆ ಅಂದರೆ ಕೊಬ್ಬು ಕರಗುತ್ತಲೇ ಇದೆ. ನನಗೆ ಬಹಳ ಖುಷಿಯಾಯಿತು. ಕಾಯಿ ಹಾಕಿ, ಆದರೆ ಒಂದು ಹೊತ್ತಿನ ಪದಾರ್ಥಕ್ಕೆ ಸಾಕು. ಬಂಗುಡೆಯನ್ನು ಕಾವಲಿಯಲ್ಲಿ ಎಣ್ಣೆ ಸವರಿ ಕಾಯಿಸಿ. ಬೆಳಗಿನ ಲೋಕಲ್ ರೈಲು ಹಿಡಿಯಲು ಬೇಗ ಏಳುವವರಾದರೆ ರಾತ್ರಿ ಬೇಗ ಮಲಗಿ, ನಿದ್ದೆ ಕೆಟ್ಟರೆ ಹಸಿವೂ ಹೆಚ್ಚುತ್ತದೆ. ತಿಂಗಳ ಮೇಲೂ ಟೇಪ್, ತೂಕ ಎರಡೂ ಕದಲದಿದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿ ಬನ್ನಿ.

ಇನ್ನೊಬ್ಬ ಸದಸ್ಯರು (ಮೀರಾ ರೋಡ್, ಹೋಟೆಲ್ ಕೆಲಸ):
ನನಗೆ ಶುಗರ್ ಇದೆ, ಮಾತ್ರೆ ತಗೊಳ್ತೇನೆ. ನನ್ನ ತೂಕವೂ ನಿಂತಿದೆ. ಕಾರ್ಬ್ ಪೂರ್ತಿ ಬಿಟ್ಟರೆ ಇಳಿಯುತ್ತದಾ?

ಉತ್ತರ:
ಅಣ್ಣ, ನಿಮ್ಮ ವಿಷಯ ಬೇರೆ. ಡಾಕ್ಟರನ್ನು ಕೇಳದೆ ಹಾಗೆ ಮಾಡಬೇಡಿ. ಗ್ಲಿಮೆಪಿರೈಡ್ ಎಂಬ ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರೆ ಕಾರ್ಬ್ ಬಿಟ್ಟಾಗ ಶುಗರ್ ಅಪಾಯದ ಮಟ್ಟಕ್ಕೆ ಇಳಿಯಬಹುದು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಶುಗರ್ ಮಾತ್ರೆಗಳಿದ್ದರೆ, ಶುಗರ್ ಜಾಸ್ತಿ ಏರದೆಯೂ ರಕ್ತದಲ್ಲಿ ಆಮ್ಲ ಹೆಚ್ಚಬಹುದು. ವಾಂತಿ, ಹೊಟ್ಟೆನೋವು, ಏದುಸಿರು ಬಂದರೆ ತಕ್ಷಣ ಆಸ್ಪತ್ರೆಗೆ ಹೋಗಿ. ಮಾತ್ರೆ ಚೀಟಿ ತೆಗೆದುಕೊಂಡು ಈ ವಾರವೇ ನಿಮ್ಮ ಡಾಕ್ಟರನ್ನು ಕಾಣಿ. ಅಲ್ಲಿಯವರೆಗೆ ಈಗಿನ ಊಟ, ಈಗಿನ ಮಾತ್ರೆ, ಎರಡೂ ಹಾಗೇ ಇರಲಿ.