ದ್ರಾಕ್ಷಿ ತೋಟದ ಹವಾಮಾನ ಕೇಂದ್ರ: ಹೊಸ ಸೆನ್ಸರ್‌ಗಳಲ್ಲಿ ಒಂದು ಕಾಣಿಸ್ತಿಲ್ಲ, ಇನ್ನೊಂದು ಹಸಿ ಮಣ್ಣಲ್ಲೂ ಶೂನ್ಯದ ಹತ್ತಿರ ತೋರಿಸ್ತಿದೆ

ತಿಕೋಟಾ_ತೋಟ (ವಿಜಯಪುರ ಜಿಲ್ಲೆ)

ಎಲ್ಲರಿಗೂ ನಮಸ್ಕಾರ. ತಿಕೋಟಾ ಹತ್ತಿರ ನಮ್ಮ ದ್ರಾಕ್ಷಿ ತೋಟ ಇದೆ. ಪೂರ್ತಿ ಎರೆ (ಕಪ್ಪು ಮಣ್ಣಿನ) ಭೂಮಿ. ತೋಟದ ಮನೆಯ ಮಾಳಿಗೆ ಮೇಲೆ ಹವಾಮಾನ ಕೇಂದ್ರ ಕೂಡಿಸಿದ್ದೇವೆ. ಗಾಳಿ, ಮಳೆ, ಬಿಸಿಲು, ಉಷ್ಣಾಂಶ ಎಲ್ಲವೂ ಒಂದೇ ಕಂಬದ ಮೇಲಿರುವ ಸೆಟ್. ಮನೆಯೊಳಗೆ ಸೆನ್ಸರ್‌ಗಳ ಸಿಗ್ನಲ್ ಹಿಡಿಯುವ ಚಿಕ್ಕ ವೈಫೈ ಗೇಟ್‌ವೇ ಇದೆ, ಮೊಬೈಲ್‌ನಲ್ಲಿ ಲೆಕ್ಕ ನೋಡುತ್ತೇವೆ. ಅದರಲ್ಲಿ ಏನೂ ತಕರಾರಿಲ್ಲ.

ಅಕ್ಟೋಬರ್ ಚಾಟ್ನಿ (ಬಳ್ಳಿ ಕತ್ತರಿಸುವ ಕೆಲಸ) ಆದ ಮೇಲೆ ನೀರು ಮತ್ತು ಔಷಧಿ ಎರಡನ್ನೂ ಅಂದಾಜಿನ ಮೇಲೆ ಬಿಡುವುದು ಬೇಡ ಅಂತ ಮೂರು ಸೆನ್ಸರ್ ಸೇರಿಸಿದೆ. ಎರಡು ಮಣ್ಣಿನ ತೇವಾಂಶದ್ದು, ರೋಗದ ಅಂದಾಜಿಗೆ ಒಂದು ಎಲೆ ತೇವದ್ದು. ಮಣ್ಣಿನ ಒಂದು ಸೆನ್ಸರ್ ಇಲ್ಲಿಯೇ ಆನ್‌ಲೈನ್‌ನಲ್ಲಿ ಕೊಂಡಿದ್ದು. ಇನ್ನೊಂದನ್ನು ಅಮೆರಿಕದಿಂದ ಬಂದ ನಮ್ಮ ಭಾವ ತಂದುಕೊಟ್ಟರು. ನೋಡಲು ಎರಡೂ ಒಂದೇ ಥರ ಇವೆ.

ಅಮೆರಿಕದ ಸೆನ್ಸರ್ ಆ್ಯಪ್‌ನಲ್ಲಿ ಬರುತ್ತಲೇ ಇಲ್ಲ. ಸೆಲ್ ಹಾಕಿದರೆ ದೀಪ ಮಿನುಗುತ್ತದೆ, ಅಷ್ಟೇ. ಇಲ್ಲಿಯದು ಬರುತ್ತದೆ, ಆದರೆ ಶುರುವಿನಲ್ಲಿ 40ರ ಮೇಲಿದ್ದದ್ದು ಈಗ 3, 4ಕ್ಕೆ ಇಳಿದಿದೆ. ಪಕ್ಕದಲ್ಲೇ ಗುದ್ದಲಿ ಹಾಕಿ ನೋಡಿದರೆ ಮಣ್ಣು ಹಸಿಯಾಗಿದೆ. ಎಲೆ ಸೆನ್ಸರ್ ಅಂತೂ ಮಟಮಟ ಮಧ್ಯಾಹ್ನವೂ ಎಲೆ ಒದ್ದೆ ಅನ್ನುತ್ತದೆ. ಯಾವುದನ್ನು ನಂಬಬೇಕು? ದಯವಿಟ್ಟು ತಿಳಿದವರು ಹೇಳಿ.

ಮಳೆಲೆಕ್ಕ_ಬೆಳಗಾವಿ

ಮೂರೂ ಬೇರೆ ಬೇರೆ ತೊಂದರೆ ಅನಿಸುತ್ತದೆ. ಒಂದೊಂದಾಗಿ ನೋಡೋಣ.

ಮೊದಲು ಕಾಣದ ಸೆನ್ಸರ್. ಈ ನಮೂನೆಯ ಸೆನ್ಸರ್‌ಗಳನ್ನು ಹೆಚ್ಚಾಗಿ ಫೈನ್ ಆಫ್‌ಸೆಟ್ ಅನ್ನುವ ಚೀನಾ ಕಂಪನಿ ತಯಾರಿಸುತ್ತದೆ. ಅವೇ ಇಕೋವಿಟ್, ಆಂಬಿಯೆಂಟ್ ವೆದರ್, ಫ್ರಾಗಿಟ್ ಹೀಗೆ ಬೇರೆ ಬೇರೆ ಹೆಸರಲ್ಲಿ ಮಾರಾಟ ಆಗುತ್ತವೆ. ಅದಕ್ಕೇ ನೋಡಲು ಒಂದೇ ಥರ. ಆದರೆ ದೇಶಕ್ಕೆ ತಕ್ಕಂತೆ ಒಳಗಿನ ರೇಡಿಯೋ ಬದಲಾಗುತ್ತದೆ: 433, 868 ಅಥವಾ 915 ಮೆಗಾಹರ್ಟ್ಸ್. ಗೇಟ್‌ವೇ ಹಿಂದೆ ಮತ್ತು ಎರಡೂ ಸೆನ್ಸರ್ ಮೇಲೆ ಸಣ್ಣ ಚೀಟಿ ಅಂಟಿಸಿರುತ್ತಾರೆ. ಅಲ್ಲಿರುವ ಅಂಕಿ ನೋಡಿ ಹೇಳಿ.

ಎರಡನೆಯದಕ್ಕೆ ಕೆಲವು ಪ್ರಶ್ನೆ. ಸೆನ್ಸರ್ ಎಲ್ಲಿ ಊರಿದ್ದೀರಿ, ಡ್ರಿಪ್ ನೀರು ಬೀಳುವ ಕಡೆಯೋ ಅಥವಾ ಎರಡು ಸಾಲಿನ ನಡುವೆಯೋ? ಸುತ್ತ ಬಿರುಕು ಬಿಟ್ಟಿದೆಯಾ? ಊರುವಾಗ ಮಣ್ಣು ಒಣಗಿತ್ತಾ? ಯಾವ ಸೆಲ್ ಹಾಕಿದ್ದೀರಿ? ಗೇಟ್‌ವೇಯಿಂದ ಎಷ್ಟು ದೂರ?

ಎಲೆ ಸೆನ್ಸರ್ ವಿಷಯ ಆಮೇಲೆ. ಅದರ ಒಂದು ಫೋಟೋ ಹಾಕಿ, ಹತ್ತಿರದಿಂದ ತೆಗೆದದ್ದು.

ತಿಕೋಟಾ_ತೋಟ

ಸರ್, ನೋಡಿದೆ. ಗೇಟ್‌ವೇ 868. ಇಲ್ಲಿ ಕೊಂಡ ಸೆನ್ಸರ್ 868. ಭಾವ ತಂದದ್ದು 915. ಎಲೆ ಸೆನ್ಸರ್ ಕೂಡ 868.

ಮಣ್ಣಿನ ಸೆನ್ಸರ್ ಎರಡು ಸಾಲಿನ ನಡುವೆ ಇದೆ. ಡ್ರಿಪ್ ಪೈಪ್ ಹತ್ತಿರ ಆಳು ಓಡಾಡುತ್ತಾರೆ, ಮುರಿದೀತು ಅಂತ ಅಲ್ಲಿ ಇಟ್ಟೆ. ಊರಿದ ದಿನ ಮಳೆ ಬಂದು ನೆಲ ಮೆತ್ತಗಿತ್ತು. ಈಗ ಬೆರಳು ಹೋಗುವಷ್ಟು ಬಿರುಕು ಬಿಟ್ಟಿದೆ. ಸೆಲ್ ರೀಚಾರ್ಜ್ ಮಾಡುವಂಥದ್ದು. ದೂರ ಸುಮಾರು 60 ಮೀಟರ್, ನಡುವೆ ತೋಟದ ಚಪ್ಪರ ಬರುತ್ತದೆ. ಫೋಟೋ ಹಾಕಿದ್ದೇನೆ.

ಮಳೆಲೆಕ್ಕ_ಬೆಳಗಾವಿ

868ರ ಗೇಟ್‌ವೇಗೆ 915ರ ಸೆನ್ಸರ್ ಕೇಳಿಸುವುದೇ ಇಲ್ಲ. ಆ್ಯಪ್‌ನ ಯಾವ ಸೆಟ್ಟಿಂಗ್‌ನಿಂದಲೂ, ಫರ್ಮ್‌ವೇರ್ ಅಪ್‌ಡೇಟ್‌ನಿಂದಲೂ ಇದು ಸರಿಹೋಗುವುದಿಲ್ಲ. ಅದೊಂದಕ್ಕಾಗಿ 915ರ ಗೇಟ್‌ವೇ ತರಿಸಲು ಹೋಗಬೇಡಿ. ನಮ್ಮ ದೇಶದಲ್ಲಿ ಈ ಆಸುಪಾಸಿನಲ್ಲಿ ಲೈಸೆನ್ಸ್ ಇಲ್ಲದೆ ಬಳಸಲು ಬಿಟ್ಟಿರುವುದು 865ರಿಂದ 868ರವರೆಗೆ, 915 ಅದರಲ್ಲಿ ಬರುವುದಿಲ್ಲ. ಭಾವನವರು ವಾಪಸ್ ಹೋಗುವಾಗ ಅದನ್ನು ಕೊಟ್ಟು ಕಳಿಸಿ, ಅಲ್ಲಿ ಯಾರಿಗಾದರೂ ಕೆಲಸಕ್ಕೆ ಬರುತ್ತದೆ.

ಈಗ ಮುಖ್ಯ ವಿಷಯ. ನಿಮ್ಮ ಇನ್ನೊಂದು ಸೆನ್ಸರ್ ಕೆಟ್ಟಿಲ್ಲ. ಅದು ಮಣ್ಣನ್ನು ಬಿಟ್ಟು ಗಾಳಿಯನ್ನು ಅಳೆಯುತ್ತಿದೆ.

ಸೆನ್ಸರ್‌ನ ಮಣ್ಣಿನೊಳಗೆ ಇಳಿಯುವ ಪಟ್ಟಿ ನೇರವಾಗಿ ನೀರನ್ನು ಅಳೆಯುವುದಿಲ್ಲ. ಸುತ್ತಲಿನ ವಸ್ತುವಿನ ಡೈಎಲೆಕ್ಟ್ರಿಕ್ ಗುಣವನ್ನು (ವಿದ್ಯುತ್ ಕ್ಷೇತ್ರಕ್ಕೆ ಅದು ಎಷ್ಟು ಸ್ಪಂದಿಸುತ್ತದೆ ಅನ್ನುವುದನ್ನು) ಅಳೆದು ಅದರಿಂದ ತೇವಾಂಶ ಲೆಕ್ಕ ಹಾಕುತ್ತದೆ. ನೀರಿಗೆ ಈ ಅಂಕಿ ಸುಮಾರು 80. ಒಣ ಮಣ್ಣಿನ ಕಣಕ್ಕೆ 3ರಿಂದ 5. ಗಾಳಿಗೆ 1. ಅಂದರೆ ಪಟ್ಟಿಗೂ ಮಣ್ಣಿಗೂ ನಡುವೆ ಸಣ್ಣ ಸಂದು ಬಿದ್ದರೂ ಸಾಕು, ಲೆಕ್ಕ ಧೊಪ್ಪನೆ ಕೆಳಗೆ ಬೀಳುತ್ತದೆ. ಪಟ್ಟಿಯ ಸುತ್ತ ಒಂದೆರಡು ಇಂಚು ಅಷ್ಟೇ ಅದಕ್ಕೆ ಗೊತ್ತಾಗುವುದು. ಅದರಲ್ಲೂ ಅಂಟಿಕೊಂಡಿರುವ ಮಣ್ಣಿನದೇ ಪ್ರಭಾವ ಜಾಸ್ತಿ.

ಮಸಾರಿ (ಕೆಂಪು) ಮಣ್ಣಲ್ಲಿ ಈ ಕಾಟ ಕಡಿಮೆ. ಎರೆಯಲ್ಲಿರುವ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಕುಗ್ಗುವಾಗ ಬಿರುಕು ಎಲ್ಲಿ ಸಡಿಲ ಇದೆಯೋ ಅಲ್ಲಿಂದ ಶುರುವಾಗುತ್ತದೆ. ನೀವು ಪಟ್ಟಿ ಊರಿದ ಜಾಗವೇ ಆ ಸಡಿಲ. ಸಾಲಿನ ನಡುವೆ ಡ್ರಿಪ್ ನೀರು ಬರುವುದಿಲ್ಲವಾದ್ದರಿಂದ ಅಲ್ಲಿ ಬಿರುಕು ಬರುವುದು ಖಂಡಿತ. ಅಲ್ಲದೆ ನಿಮಗೆ ಬೇಕಿರುವುದು ಬೇರಿಗೆ ಸಿಗುವ ನೀರಿನ ಲೆಕ್ಕ. ಡ್ರಿಪ್ ತೋಟದಲ್ಲಿ ನೀರು ಎಳೆಯುವ ಬೇರು ಹೆಚ್ಚಾಗಿ ಡ್ರಿಪ್ ಹನಿ ತೋಯಿಸುವ ಭಾಗದಲ್ಲೇ ಇರುತ್ತದೆ. ಆಳು ತುಳಿದಾರು ಅನ್ನುವ ಭಯ ಇದ್ದರೂ ಸೆನ್ಸರ್ ಅಲ್ಲಿಯೇ ಇರಬೇಕು.

ಹೀಗೆ ಮಾಡಿ. ಡ್ರಿಪ್ ಬಿಟ್ಟ ಮರುದಿನ ನೆಲ ಹದವಾಗಿರುವಾಗ ಸೆನ್ಸರ್ ಕಿತ್ತು ಒರೆಸಿ. ಹನಿ ಬೀಳುವ ಜಾಗದಿಂದ ಒಂದು ಗೇಣು ದೂರದಲ್ಲಿ, ಬಳ್ಳಿಯ ಕಡೆಗೆ, ತೆಳ್ಳಗಿನ ಕಬ್ಬಿಣದ ಪಟ್ಟಿಯಿಂದ ಸೀಳು ಮಾಡಿ. ಸೆನ್ಸರ್ ಅನ್ನೇ ಒತ್ತಿ ಇಳಿಸಬೇಡಿ, ಪಟ್ಟಿ ಮುರಿಯುತ್ತದೆ. ಅದೇ ಜಾಗದ ಮಣ್ಣನ್ನು ಹುಡಿ ಮಾಡಿ, ಹರಳು ತೆಗೆದು, ನೀರಲ್ಲಿ ದೋಸೆ ಹಿಟ್ಟಿನ ಹದಕ್ಕೆ ಕಲಸಿ ಸೀಳಿಗೆ ಸುರಿಯಿರಿ. ಸೆನ್ಸರ್ ಪಟ್ಟಿ ಇಳಿಸಿ, ಎರಡೂ ಬದಿಯಿಂದ ಮಣ್ಣು ಒತ್ತಿ. ಮೇಲೆ ಒಂದಿಷ್ಟು ಒಣ ಎಲೆ ಅಥವಾ ಕಬ್ಬಿನ ರವದಿ ಹರಡಿದರೆ ಬಿರುಕು ನಿಧಾನ ಆಗುತ್ತದೆ. ಒಂದೆರಡು ನೀರು ಆಗುವವರೆಗೆ ಬರುವ ಲೆಕ್ಕವನ್ನು ನಂಬಬೇಡಿ, ಮಣ್ಣು ಕೂತುಕೊಳ್ಳಬೇಕು.

ಇನ್ನು ಕ್ಯಾಲಿಬ್ರೇಷನ್, ಅಂದರೆ ಸೆನ್ಸರ್ ಅನ್ನು ನಿಮ್ಮ ಮಣ್ಣಿಗೆ ಹೊಂದಿಸುವುದು. ಆ್ಯಪ್‌ನಲ್ಲಿ ಶೇಕಡಾ ಲೆಕ್ಕದ ಜೊತೆಗೆ ಎಡಿ ಅನ್ನುವ ಕಚ್ಚಾ ಅಂಕಿಯೂ ಸಿಗುತ್ತದೆ. ಕಂಪನಿಯವರು ಹಾಕಿದ ಶೂನ್ಯ ಮತ್ತು ನೂರರ ಗುರುತು ಎರೆ ಮಣ್ಣಿಗೆ ಹೊಂದುವುದಿಲ್ಲ. ನಿಮ್ಮದೇ ಮಣ್ಣನ್ನು ಚೆನ್ನಾಗಿ ಬಿಸಿಲಲ್ಲಿ ಒಣಗಿಸಿ, ಡಬ್ಬಿಯಲ್ಲಿ ಗಟ್ಟಿಯಾಗಿ ತುಂಬಿ, ಪಟ್ಟಿ ಇಟ್ಟು ಎಡಿ ಬರೆದುಕೊಳ್ಳಿ. ಅದು ಶೂನ್ಯ. ಅದೇ ಮಣ್ಣಿಗೆ ನೀರು ನಿಲ್ಲುವಷ್ಟು ಹಾಕಿ ಮತ್ತೆ ಬರೆದುಕೊಳ್ಳಿ. ಅದು ನೂರು. ಇದನ್ನು ತೋಟದಲ್ಲಿ ಊರುವ ಮೊದಲೇ ಮಾಡಿ ಮುಗಿಸಿ. ಬಂದ ಶೇಕಡಾ ವಿಜ್ಞಾನದ ಲೆಕ್ಕದ ತೇವಾಂಶ ಅಲ್ಲ. ಆದರೆ ನಿಮ್ಮ ತೋಟದಲ್ಲಿ ಇವತ್ತಿಗೂ ನಿನ್ನೆಗೂ ಹೋಲಿಸಲು ಅದು ಸಾಕು. ನಿಖರವಾಗಿ ಬೇಕಿದ್ದರೆ ಮಣ್ಣನ್ನು ತೂಗಿ, 105 ಡಿಗ್ರಿ ಓವನ್‌ನಲ್ಲಿ 24 ಗಂಟೆ ಒಣಗಿಸಿ, ಮತ್ತೆ ತೂಗಬೇಕು. ಹಿಟ್ಟಿನಹಳ್ಳಿ ಫಾರ್ಮ್‌ನ ಕೃಷಿ ವಿಜ್ಞಾನ ಕೇಂದ್ರದಲ್ಲಿ ಒಮ್ಮೆ ವಿಚಾರಿಸಿ ನೋಡಿ.

ಇನ್ನೊಂದು ಮಾತು. ಡ್ರಿಪ್‌ನಲ್ಲಿ ರಸಗೊಬ್ಬರ ಬಿಟ್ಟ ದಿನ ಲೆಕ್ಕ ಇದ್ದಕ್ಕಿದ್ದಂತೆ ಮೇಲೆ ಹೋದರೆ ಗಾಬರಿ ಆಗಬೇಡಿ. ಉಪ್ಪಿನಂಶ ಹೆಚ್ಚಾದರೂ ಇಂಥ ಸೆನ್ಸರ್ ಹಸಿ ಅಂತಲೇ ತಿಳಿಯುತ್ತದೆ. ಸವಳು ಬೋರ್ ನೀರಿದ್ದರೆ ಇದು ಇನ್ನೂ ಜಾಸ್ತಿ.

ಸೆಲ್ ಬದಲಿಸಿ. ರೀಚಾರ್ಜ್ ಸೆಲ್ 1.2 ವೋಲ್ಟ್ ಮಾತ್ರ, ಆಲ್ಕಲೈನ್ 1.5. ನೆಲಮಟ್ಟದಿಂದ, ಚಪ್ಪರದ ತಂತಿ ಮತ್ತು ಎಲೆ ದಾಟಿ 60 ಮೀಟರ್ ಬರಬೇಕಲ್ವಾ? ಅಷ್ಟು ದೂರಕ್ಕೆ ಹೊಸ ಆಲ್ಕಲೈನ್ ಸೆಲ್ ಇರಲಿ.

ಕಬ್ಬು_ಜಮಖಂಡಿ

ನಾನು ಜಮಖಂಡಿ ಕಡೆಯವಳು. ನಮ್ಮ ಕಬ್ಬಿನ ಹೊಲದಲ್ಲಿಯೂ ಇದೇ ಸೆನ್ಸರ್ ಇದೆ. ಮೇಲೆ ಸರ್ ಹೇಳಿದ್ದಕ್ಕೆ ಎರಡು ಮಾತು ಸೇರಿಸುತ್ತೇನೆ.

ಸೆನ್ಸರ್ ಪಕ್ಕ ಎದೆಮಟ್ಟದ ಕೋಲು ನೆಟ್ಟು ತುದಿಗೆ ಕೆಂಪು ಬಟ್ಟೆ ಕಟ್ಟಿ. ಕಳೆ ತೆಗೆಯುವ ಹೆಣ್ಣಾಳುಗಳನ್ನು ಕರೆದು ಇದು ಏನು, ಯಾಕೆ ಇಟ್ಟಿದ್ದೇವೆ ಅಂತ ತೋರಿಸಿ ಹೇಳಿ. ನಮ್ಮಲ್ಲಿ ಈಗ ಅವರೇ ಕಾಯುತ್ತಾರೆ, ಸೆನ್ಸರ್ ವಾಲಿದ್ದರೆ ಬಂದು ಹೇಳುತ್ತಾರೆ.

ಎರಡನೆಯದು ಕರೆಂಟು. ತೋಟದ ಲೈನ್ ಹೋದಾಗ ಗೇಟ್‌ವೇ ಮತ್ತು ರೌಟರ್ ಎರಡೂ ಆಫ್ ಆಗುತ್ತವೆ. ಇಂಥ ಚಿಕ್ಕ ಗೇಟ್‌ವೇಯಲ್ಲಿ ಲೆಕ್ಕ ಉಳಿಸಿಡುವ ಜಾಗ ಇರುವುದಿಲ್ಲ, ಆ ಹೊತ್ತಿನ ಮಾಹಿತಿ ಹೋಯಿತು ಅಂತಲೇ ಲೆಕ್ಕ. ರಾತ್ರಿ ಎಲೆ ಎಷ್ಟು ಹೊತ್ತು ಒದ್ದೆ ಇತ್ತು ಅನ್ನುವುದೇ ನಿಮಗೆ ಬೇಕಿರುವಾಗ ರಾತ್ರಿಯ ಲೆಕ್ಕ ತಪ್ಪಬಾರದು. ರೌಟರ್‌ಗೆ ಅಂತ ಸಿಗುವ ಚಿಕ್ಕ ಯುಪಿಎಸ್‌ನಲ್ಲಿ ಯುಎಸ್‌ಬಿ ಕೂಡ ಇರುವಂಥದ್ದು ತನ್ನಿ. ಗೇಟ್‌ವೇ ತಿನ್ನುವ ಕರೆಂಟು ತೀರಾ ಕಡಿಮೆ.

ಗೇಟ್‌ವೇಯನ್ನು ಪತ್ರಾಸ್ (ತಗಡಿನ) ಗೋಡೆ, ಇನ್ವರ್ಟರ್ ಇವುಗಳಿಂದ ದೂರ, ತೋಟದ ಕಡೆಯ ಕಿಟಕಿಯಲ್ಲಿ ಇಡಿ.

ತಿಕೋಟಾ_ತೋಟ

ಸರ್, ಅಕ್ಕಾ, ಇಬ್ಬರಿಗೂ ತುಂಬಾ ಉಪಕಾರ ಆಯಿತು. ಹೇಳಿದಂತೆ ಕೆಸರು ಹಾಕಿ ಊರಿದೆ, ಸೆಲ್ ಬದಲಿಸಿದೆ, ಗೇಟ್‌ವೇ ಕಿಟಕಿಗೆ ಬಂತು. ಈಗ ಡ್ರಿಪ್ ಬಿಟ್ಟಾಗ ಲೆಕ್ಕ ಏರುತ್ತದೆ, ಮರುದಿನದಿಂದ ಮೆಲ್ಲಗೆ ಇಳಿಯುತ್ತದೆ. ಸಿಗ್ನಲ್ ಕಡಿದು ಹೋಗುವುದೂ ನಿಂತಿದೆ.

ಇನ್ನು ಎಲೆ ಸೆನ್ಸರ್ ಉಳಿಯಿತು. ಜೊತೆಗೆ ಇನ್ನೊಂದು ಸಂಶಯ. ಮಾಳಿಗೆ ಮೇಲಿನ ಉಷ್ಣಾಂಶ ಮಧ್ಯಾಹ್ನ ತೋಟದೊಳಗಿಗಿಂತ ಬಹಳ ಜಾಸ್ತಿ ಬರುತ್ತದೆ. ಅದನ್ನು ರೋಗದ ಲೆಕ್ಕಕ್ಕೆ ಹಿಡಿಯಬಹುದಾ?

ಮಳೆಲೆಕ್ಕ_ಬೆಳಗಾವಿ

ಫೋಟೋ ನೋಡಿದೆ. ಎಲೆ ಸೆನ್ಸರ್ ಮೇಲೆ ನೀಲಿ ಬಿಳುಪಿನ ಪದರ ಕೂತಿದೆ. ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆದಿದ್ದೀರಿ ಅನಿಸುತ್ತದೆ. ಔಷಧಿಯ ಆ ಪದರ ಗಾಳಿಯ ತೇವವನ್ನು ಹಿಡಿದಿಟ್ಟುಕೊಂಡು ಎಲೆ ಒಣಗಿದರೂ ಒದ್ದೆ ಅಂತ ತೋರಿಸುತ್ತದೆ. ಮೆತ್ತಗಿನ ಬಟ್ಟೆಯನ್ನು ಶುದ್ಧ ನೀರಲ್ಲಿ ಅದ್ದಿ ಒರೆಸಿ, ಬೋರ್ ನೀರು ಬೇಡ. ಉಜ್ಜಬೇಡಿ. ಮುಂದೆ ಔಷಧಿ ಹೊಡೆಯುವಾಗ ಪ್ಲಾಸ್ಟಿಕ್ ಚೀಲ ಹಾಕಿ, ಮುಗಿದ ಕೂಡಲೇ ತೆಗೆಯಿರಿ. ಮರೆತರೆ ಒಳಗೆ ಬೆವರು ಕಟ್ಟಿ ಮತ್ತೆ ತಪ್ಪು ಲೆಕ್ಕ ಬರುತ್ತದೆ.

ಅದನ್ನು ಮಲಗಿಸಿ ಕಟ್ಟಿದ್ದೀರಿ, ನೀರು ನಿಲ್ಲುತ್ತದೆ. ಎಲೆಯಂತೆ ಓರೆಯಾಗಿ, ಸುಮಾರು 45 ಡಿಗ್ರಿಗೆ, ಚಪ್ಪರದ ಎಲೆಗಳ ನಡುವೆಯೇ ಕಟ್ಟಿ. ಒರೆಸಿ ಒಣಗಿದ ಮೇಲೆಯೂ ಕೆಲವು ಶೇಕಡಾ ತೋರಿಸಬಹುದು. ಬಿಸಿಲಲ್ಲಿ ಎಷ್ಟು ಇರುತ್ತದೆ, ಬೆಳಿಗ್ಗೆ ಇಬ್ಬನಿ ಕಣ್ಣಿಗೆ ಕಾಣುವಾಗ ಎಷ್ಟು ಇರುತ್ತದೆ ಅಂತ ನೋಡಿ, ನಡುವಿನ ಒಂದು ಅಂಕಿಯನ್ನು ನಿಮ್ಮ ಗಡಿ ಮಾಡಿಕೊಳ್ಳಿ. ಅದರ ಮೇಲಿದ್ದಷ್ಟು ಗಂಟೆ ಎಲೆ ಒದ್ದೆ.

ಮಾಳಿಗೆಯ ಉಷ್ಣಾಂಶ ರೋಗದ ಲೆಕ್ಕಕ್ಕೆ ಬೇಡ. ಕಾದ ಕಾಂಕ್ರೀಟ್ ಸುತ್ತಲಿನ ಗಾಳಿಯನ್ನೂ ಕಾಯಿಸುತ್ತದೆ. ಹವಾಮಾನ ಇಲಾಖೆಗಳ ಪದ್ಧತಿಯಲ್ಲಿ ಉಷ್ಣಾಂಶವನ್ನು ನೆಲದಿಂದ 1.25ರಿಂದ 2 ಮೀಟರ್ ಎತ್ತರದಲ್ಲಿ, ನೆರಳಿನ ಗೂಡಿನಲ್ಲಿ, ಹುಲ್ಲಿನ ಅಥವಾ ಸಹಜ ನೆಲದ ಮೇಲೆ ಅಳೆಯುತ್ತಾರೆ. ಗಾಳಿಗೆ ಮಾತ್ರ ಎತ್ತರ ಬೇಕು. ಹಾಗಾಗಿ ಆ ಕಂಬ ಅಲ್ಲಿಯೇ ಇರಲಿ. ಚಪ್ಪರದೊಳಗೆ ಇನ್ನೊಂದು ಉಷ್ಣಾಂಶ, ತೇವಾಂಶ ಸೆನ್ಸರ್ ಹಾಕಿ, ಅದೂ 868ರದ್ದೇ. ಕೊಳ್ಳುವಾಗ ಚಾನೆಲ್ ಆರಿಸುವ ಸ್ವಿಚ್ ಇರುವ ನಮೂನೆ ಕೇಳಿ, ಅದು ಆ್ಯಪ್‌ನಲ್ಲಿ ಬೇರೆಯಾಗಿ ಕಾಣುತ್ತದೆ. ಹೊರಾಂಗಣದ ಮುಖ್ಯ ಸೆನ್ಸರ್ ಅಂತ ಮಾರುವ ಇನ್ನೊಂದು ನಮೂನೆ ಇದೆ. ಅದನ್ನು ಸೇರಿಸಿದರೆ ಕಂಬದ ಉಷ್ಣಾಂಶದ ಜಾಗವನ್ನು ಅದೇ ಹಿಡಿಯುತ್ತದೆ.

ಇನ್ನು ಔಷಧಿಯ ವಿಷಯ. ಡೌನಿ ರೋಗ (ಎಲೆ ಅಡಿಯಲ್ಲಿ ಬಿಳಿ ಬೂಜು ಕಟ್ಟುವಂಥದ್ದು) ತಗಲಲು ಎಲೆ ಮೇಲೆ ನೀರು ಬೇಕೇ ಬೇಕು, ಅದಕ್ಕೆ ಈ ಸೆನ್ಸರ್ ನಿಜವಾಗಿಯೂ ಉಪಯೋಗ. ಬೂದಿ ರೋಗಕ್ಕೆ ಎಲೆ ಒದ್ದೆ ಆಗುವ ಅಗತ್ಯ ಇಲ್ಲ. ಸೆನ್ಸರ್ ಎಲೆ ಒಣಗಿದೆ ಅಂತ ತೋರಿಸಿತು ಅನ್ನುವ ಕಾರಣಕ್ಕೆ ಬೂದಿ ರೋಗದ ಔಷಧಿ ಹೊಡೆಯುವುದನ್ನು ತಪ್ಪಿಸಬೇಡಿ. ಅದಕ್ಕೆ ಚಪ್ಪರದೊಳಗಿನ ಉಷ್ಣಾಂಶ, ತೇವಾಂಶ ನೋಡಿ. ಜೊತೆಗೆ ಎಲೆ ಎತ್ತಿ ಕಣ್ಣಾರೆ ನೋಡುವುದನ್ನು ನಿಲ್ಲಿಸಬೇಡಿ.