ವಾಸ್ಪ್-39ಬಿ: 2 ಮೈಕ್ರಾನ್‌ಗಿಂತ ಕೆಳಗೆ ರೋಹಿತ ಯಾಕೆ ಕೆಡುತ್ತದೆ?

ಪ್ರಶ್ನೆ:
ಜೇಮ್ಸ್ ವೆಬ್ ದೂರದರ್ಶಕ 2022ರ ಜುಲೈನಲ್ಲಿ ತನ್ನ ರೋಹಿತಮಾಪಕ ನಿಯರ್‌ಸ್ಪೆಕ್‌ನ ಪ್ರಿಸಂನಿಂದ ನೋಡಿದ, ವಾಸ್ಪ್-39ಬಿ ಎಂಬ ಹೊರಗ್ರಹದ ಟ್ರಾನ್ಸಿಟ್‌ನ (ಗ್ರಹ ತನ್ನ ನಕ್ಷತ್ರದೆದುರು ಹಾದುಹೋಗುವುದರ) ದತ್ತಾಂಶ ಇದು. ಪೈಪ್‌ಲೈನನ್ನು (ದತ್ತಾಂಶ ಸಂಸ್ಕರಿಸುವ ತಂತ್ರಾಂಶವನ್ನು) ಮೂಲ ಸೆಟ್ಟಿಂಗ್‌ನಲ್ಲೇ ಓಡಿಸಿದರೆ 4.3 ಮೈಕ್ರಾನ್‌ನ ಕಾರ್ಬನ್ ಡೈಆಕ್ಸೈಡ್ ಉಬ್ಬು ಚೆನ್ನಾಗಿ ಬರುತ್ತದೆ. 1ರಿಂದ 2 ಮೈಕ್ರಾನ್ ನಡುವೆ ಮಾತ್ರ ಬಿಂದುಗಳು ಚೆಲ್ಲಾಪಿಲ್ಲಿ. ನೀರಾವಿಯ ಪಟ್ಟಿಗಳಿರುವುದು ಅಲ್ಲೇ. 4.05ರ ಸಲ್ಫರ್ ಡೈಆಕ್ಸೈಡ್ ಕೂಡ ಕಾಣುತ್ತಿಲ್ಲ. ಎಲ್ಲಿ ತಪ್ಪಿದೆ?

ಉತ್ತರ 1:
ಪಿಕ್ಸೆಲ್‌ಗಳು ತುಂಬಿ ಸ್ಯಾಚುರೇಟ್ ಆಗಿವೆ. ಪ್ರಿಸಂ ಬೆಳಕನ್ನು ಎಲ್ಲ ಕಡೆ ಒಂದೇ ಸಮ ಹರಡುವುದಿಲ್ಲ, 1.2 ಮೈಕ್ರಾನ್ ಹತ್ತಿರ ಅತಿ ಕಡಿಮೆ ಹರಡುವುದರಿಂದ ತುಂಬಾ ಬೆಳಕು ಕೆಲವೇ ಪಿಕ್ಸೆಲ್‌ಗಳ ಮೇಲೆ ಬೀಳುತ್ತದೆ. ಇಲ್ಲಿ ಒಂದು ಇಂಟಿಗ್ರೇಶನ್‌ಗೆ (ಪಿಕ್ಸೆಲ್ ಖಾಲಿ ಮಾಡಿ ಮತ್ತೆ ಬೆಳಕು ತುಂಬಿಸುವ ಒಂದು ಸುತ್ತಿಗೆ) ಇರುವುದೇ 5 ಗ್ರೂಪ್, ಅಂದರೆ ನಡುನಡುವೆ ತೆಗೆದ 5 ಓದು. ಪೈಪ್‌ಲೈನ್ ಪ್ರತಿ ಇಂಟಿಗ್ರೇಶನ್‌ಗೂ ಸ್ಯಾಚುರೇಟ್ ಆದ ಪಿಕ್ಸೆಲ್‌ಗಳಿಗೆ ಬೇರೆಬೇರೆಯಾಗಿ ಗುರುತು ಹಾಕುತ್ತದೆ. ಹಾಗಾಗಿ ಅದೇ ಪಿಕ್ಸೆಲ್‌ಗೆ ಒಮ್ಮೆ 2 ಗ್ರೂಪ್, ಇನ್ನೊಮ್ಮೆ 3 ಗ್ರೂಪ್ ಸಿಕ್ಕಿ ಇಳಿಜಾರು (ಓದಿನಿಂದ ಓದಿಗೆ ಸಂಕೇತ ಏರುವ ದರ) ಅಲುಗಾಡುತ್ತದೆ. ಒಂದು ಕಂಬಸಾಲಿನಲ್ಲಿ (ಪಿಕ್ಸೆಲ್‌ಗಳ ಲಂಬ ಸಾಲಿನಲ್ಲಿ) ಯಾವ ಪಿಕ್ಸೆಲ್ ಮೊದಲು ತುಂಬಿದರೂ, ಆ ಗ್ರೂಪ್‌ನಿಂದ ಮುಂದಕ್ಕೆ ಇಡೀ ಸಾಲನ್ನು ಎಲ್ಲ ಇಂಟಿಗ್ರೇಶನ್‌ಗಳಲ್ಲೂ ಕೈಬಿಡಿ. ಗ್ರೂಪ್ ಕಡಿಮೆಯಾಗಿ ದೋಷಪಟ್ಟಿ ದೊಡ್ಡದಾಗುತ್ತದೆ, ಆದರೆ ಬಿಂದು ಜಾಗದಲ್ಲಿ ನಿಲ್ಲುತ್ತದೆ. ಮುಖ್ಯವಾಗಿ, ಈ ಭಾಗವನ್ನು ಬಿಳಿ ಬೆಳಕಿನ ವಕ್ರರೇಖೆಗೆ (ಎಲ್ಲ ತರಂಗಾಂತರ ಕೂಡಿಸಿದ ಬೆಳಕಿನ ಏರಿಳಿತಕ್ಕೆ) ಸೇರಿಸಲೇಬೇಡಿ.

ಉತ್ತರ 2:
ಮೇಲಿನದು ಸರಿ, ಜೊತೆಗೆ ಜಂಪ್ ಹಂತವನ್ನೂ (ಕಾಸ್ಮಿಕ್ ಕಿರಣ ಬಡಿದಾಗಿನ ಹಠಾತ್ ಜಿಗಿತ ಹುಡುಕುವ ಹಂತ) ನೋಡಿ. 5 ಗ್ರೂಪ್‌ಗೆ 4 ಸಿಗ್ಮಾ (ಸಾಮಾನ್ಯ ಗದ್ದಲದ 4 ಪಟ್ಟು) ಮಿತಿ ಇಟ್ಟರೆ ಸಾಮಾನ್ಯ ಗದ್ದಲವನ್ನೇ ಕಾಸ್ಮಿಕ್ ಕಿರಣ ಅಂದುಕೊಂಡು ಕತ್ತರಿಸುತ್ತದೆ. 10ಕ್ಕೆ ಏರಿಸಿ, ಇಲ್ಲವೇ ಆ ಹಂತ ಬಿಟ್ಟು ಮುಂದೆ ಕಾಲಸರಣಿಯಲ್ಲಿ ಹೊರಬಿದ್ದ ಬಿಂದುಗಳನ್ನು ತೆಗೆಯಿರಿ. ಕಂಬಕಂಬವಾಗಿ ಬರುವ ಪಟ್ಟೆ ಗದ್ದಲವನ್ನು ಇಳಿಜಾರು ಹೊಂದಿಸುವ ಮೊದಲೇ, ಪ್ರತಿ ಗ್ರೂಪ್‌ನಲ್ಲೂ ಕಳೆಯಬೇಕು: ನಕ್ಷತ್ರದ ಗೆರೆಯನ್ನು ಮರೆಮಾಡಿ, ಉಳಿದ ಪಿಕ್ಸೆಲ್‌ಗಳ ಮಧ್ಯಾಂಕ ಹಿಡಿದು ಕಳೆಯಿರಿ. ಆಮೇಲೆ ಕಳೆದರೆ ಸ್ಯಾಚುರೇಟ್ ಆದ ಸಾಲುಗಳಲ್ಲಿ ಲೆಕ್ಕ ಹೊಂದುವುದಿಲ್ಲ.

ಪ್ರಶ್ನೆ ಕೇಳಿದವರು:
ಧನ್ಯವಾದ. ಸಲ್ಫರ್ ಡೈಆಕ್ಸೈಡ್‌ಗೆ 0.1 ಮೈಕ್ರಾನ್ ಅಗಲದ ಬಿನ್ (ಒಟ್ಟುಗೂಡಿಸುವ ತರಂಗಾಂತರದ ತುಂಡು) ಸಾಕಲ್ಲವೇ?

ಉತ್ತರ 3:
ಸಾಲದು, ಅದೇ ತೊಂದರೆ. ಆ ಉಬ್ಬಿನ ಅಗಲವೇ ಹೆಚ್ಚುಕಡಿಮೆ ಅಷ್ಟು, ಪಕ್ಕದಲ್ಲೇ ಕಾರ್ಬನ್ ಡೈಆಕ್ಸೈಡ್‌ನ ಏರು ಬೇರೆ. 0.02 ಇಟ್ಟು ನೋಡಿ. ಈ ಗ್ರಹದ ತಾಪ ಸುಮಾರು 1,100 ಕೆಲ್ವಿನ್, ಗುರುತ್ವ ಕಡಿಮೆ. ಹೈಡ್ರೋಜನ್ ವಾತಾವರಣದ ಸ್ಕೇಲ್ ಎತ್ತರ (ಒತ್ತಡ ಸುಮಾರು ಮೂರನೇ ಒಂದಕ್ಕೆ ಇಳಿಯುವ ಎತ್ತರ) 1,000 ಕಿ.ಮೀ. ಆಸುಪಾಸು, ಅಂದರೆ ಒಂದು ಸ್ಕೇಲ್ ಎತ್ತರಕ್ಕೆ ನಕ್ಷತ್ರದ ಬೆಳಕಿನಲ್ಲಿ ಸುಮಾರು 400 ಪಿಪಿಎಂ (ಹತ್ತು ಲಕ್ಷಕ್ಕೆ 400 ಪಾಲು) ಬದಲಾವಣೆ. ಸೂರ್ಯನೆದುರು ಹಾದುಹೋಗುವ ಭೂಮಿಗೆ ಅದು 0.2 ಮಾತ್ರ! ಇಷ್ಟು ದೊಡ್ಡ ಸಂಕೇತವನ್ನು ದಪ್ಪ ಬಿನ್‌ನಲ್ಲಿ ಕಳೆದುಕೊಳ್ಳಬಾರದು. ಕಕ್ಷೆಯ ವಾಲು, ಟ್ರಾನ್ಸಿಟ್‌ನ ನಡುಗಾಲ, ಕಕ್ಷೆ-ನಕ್ಷತ್ರ ತ್ರಿಜ್ಯಗಳ ಅನುಪಾತ ಮೂರನ್ನೂ ಬಿಳಿ ಬೆಳಕಿನ ಬೆಲೆಗೇ ಬಿಗಿದಿಡಿ. ಪ್ರತಿ ಬಿನ್‌ನಲ್ಲಿ ಗ್ರಹದ ತ್ರಿಜ್ಯ ಮತ್ತು ನಕ್ಷತ್ರದಂಚಿನ ಮಬ್ಬು ಮಾತ್ರ ಸಡಿಲವಿರಲಿ.