ಟೀಚರ್ಸ್ ಡೇಗೆ ಮಿಸ್‌ಗೆ ಏನು ಕೊಡಲಿ? ನಮ್ಮ ಕೈಗೆ ಎಟುಕುವಂಥದ್ದು ಹೇಳಿ

ನಾಲ್ಕನೇ ಕ್ಲಾಸಿನ ಹುಡುಗಿಯ ಅಮ್ಮ, ಹಾಸನ

ಎಲ್ಲರಿಗೂ ನಮಸ್ಕಾರ. ನಾನು ಗಾರ್ಮೆಂಟ್ಸ್‌ನಲ್ಲಿ ಟೈಲರ್. ಯಜಮಾನರು ಗೂಡ್ಸ್ ಆಟೋ ಓಡಿಸುತ್ತಾರೆ. ಮಗಳು ಒಂದು ಖಾಸಗಿ ಶಾಲೆಯಲ್ಲಿ ಓದುತ್ತಾಳೆ. ಸೆಪ್ಟೆಂಬರ್ 5ಕ್ಕೆ ಕ್ಲಾಸ್ ಮಿಸ್‌ಗೆ ರೇಷ್ಮೆ ಸೀರೆ ಕೊಡೋಣ ಅಂತ ಪೋಷಕರ ವಾಟ್ಸಾಪ್ ಗ್ರೂಪಿನಲ್ಲಿ ತೀರ್ಮಾನ ಆಗಿದೆ. ಒಂದು ಮನೆಗೆ 300 ರೂಪಾಯಿ. ದುಡ್ಡು ಹಾಕಿದವರ ಹೆಸರಿನ ಮುಂದೆ ಟಿಕ್ ಹಾಕಿ, ಆ ಪಟ್ಟಿಯನ್ನು ದಿನಾ ಸಂಜೆ ಗ್ರೂಪಿಗೆ ಬಿಡುತ್ತಿದ್ದಾರೆ. ನನ್ನ ಹೆಸರಿನ ಮುಂದೆ ಇನ್ನೂ ಖಾಲಿ.

ಮಿಸ್ ಒಳ್ಳೆಯವರಲ್ಲದಿದ್ದರೆ ಸುಮ್ನೆ ಇದ್ದುಬಿಡುತ್ತಿದ್ದೆ. ಆದರೆ ಅವರು ತುಂಬಾ ಒಳ್ಳೆಯವರು, ಅದೇ ಕಷ್ಟ. ಜೂನ್‌ನಲ್ಲಿ ನನ್ನ ಮಗಳಿಗೆ ಒತ್ತಕ್ಷರ ಓದಲು ಬರುತ್ತಿರಲಿಲ್ಲ. ಮಿಸ್ ದಿನಾ ಊಟದ ಹೊತ್ತಿನಲ್ಲಿ ಪಕ್ಕದಲ್ಲಿ ಕೂರಿಸಿಕೊಂಡು ಹೇಳಿಕೊಟ್ಟರು. ಮೊನ್ನೆ ಬಸ್ ಸ್ಟ್ಯಾಂಡಿನಲ್ಲಿ ಬೋರ್ಡು ನೋಡಿ ‘ಚನ್ನರಾಯಪಟ್ಟಣ’ ಅಂತ ಎರಡೂ ಒತ್ತು ಸರಿಯಾಗಿ ಹೇಳಿ ಓದಿದಳು. ನಾನು ಅಲ್ಲೇ ಕಣ್ಣೊರೆಸಿಕೊಂಡೆ. ಇಂಥವರಿಗೆ ಏನಾದರೂ ಕೊಡಲೇಬೇಕು. 50-60 ರೂಪಾಯಿ ಒಳಗೆ ಏನು ಮಾಡಬಹುದು? ನೀವೆಲ್ಲ ಏನು ಮಾಡಿದ್ದೀರಿ?

ಇಬ್ಬರು ಮಕ್ಕಳ ಅಪ್ಪ, ಅರಸೀಕೆರೆ

ಮೊದಲು ಆ ಪಟ್ಟಿಯ ವಿಚಾರ ಮುಗಿಸಿ ಅಕ್ಕ. ಗ್ರೂಪಿನಲ್ಲಿ ಒಂದೇ ಸಾಲು ಹಾಕಿ: ‘ನಾವು ಮನೆಯಿಂದ ಬೇರೆಯಾಗಿ ಕೊಡುತ್ತೇವೆ.’ ಕಾರಣ ಬರೆಯಬೇಡಿ. ಬರೆದರೆ ಅದಕ್ಕೆ ಹತ್ತು ಜನ ಉತ್ತರ ಕೊಡುತ್ತಾರೆ, ಆಮೇಲೆ ಯಾರೋ ‘ನಿಮ್ಮದು ನಾನೇ ಹಾಕುತ್ತೇನೆ ಬಿಡಿ’ ಅನ್ನುತ್ತಾರೆ, ಅದು ಇನ್ನೂ ಹಿಂಸೆ. ನಾನು ಎರಡು ವರ್ಷದಿಂದ ಹೀಗೇ ಮಾಡುತ್ತಿದ್ದೇನೆ. ಏನು ಕೊಟ್ಟಿರಿ ಅಂತ ಒಬ್ಬರೂ ಕೇಳಿಲ್ಲ.

ನಿವೃತ್ತ ಶಿಕ್ಷಕಿ, ಕಡೂರು ತಾಲ್ಲೂಕು

ತಾಯಿ, ನಾನು 34 ವರ್ಷ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿದವಳು. ತೆಗೆದುಕೊಳ್ಳುವವರ ಕಡೆಯಿಂದ ಸ್ವಲ್ಪ ಹೇಳುತ್ತೇನೆ.

ನನಗೆ ಬಂದ ಬ್ಲೌಸ್ ಪೀಸುಗಳನ್ನು ಲೆಕ್ಕ ಇಟ್ಟಿದ್ದರೆ ಒಂದು ಅಂಗಡಿ ತೆರೆಯಬಹುದಿತ್ತು. ಎಲ್ಲವೂ ಯಾರದ್ದೋ ಬಾಗಿನಕ್ಕೆ, ಯಾರದ್ದೋ ಮಡಿಲಕ್ಕಿಗೆ ಹೋದವು. ಒಂದು ಗಿಳಿಹಸಿರು ಪೀಸು ಎರಡು ವರ್ಷ ಊರೆಲ್ಲ ತಿರುಗಿ ನನಗೇ ವಾಪಸ್ ಬಂತು! ಅಂಚಿನಲ್ಲಿ ನಾನೇ ಪೆನ್ಸಿಲಿನಲ್ಲಿ ಮಾಡಿದ್ದ ಗುರುತಿತ್ತು. ಗಾಜಿನ ಲೋಟ, ಪ್ಲಾಸ್ಟಿಕ್ ಹೂವಿನ ಕುಂಡ, ಗೋಡೆ ಗಡಿಯಾರ ಇವೂ ಹಾಗೇ. ಕೊಟ್ಟವರ ಪ್ರೀತಿಯ ಬಗ್ಗೆ ಎರಡು ಮಾತಿಲ್ಲ. ಆದರೆ ಒಂದು ಮನೆಯಲ್ಲಿ ಎಷ್ಟು ಗಡಿಯಾರ ಇಡುವುದು?

ನನ್ನ ಟ್ರಂಕಿನಲ್ಲಿ ಉಳಿದಿರುವುದು ಕಾಗದಗಳು. ಅದರಲ್ಲಿ ಒಂದನ್ನು ಒಬ್ಬ ತಂದೆ ಬರೆಸಿದ್ದು. ಅವರಿಗೆ ಓದು ಬರಹ ಬರುತ್ತಿರಲಿಲ್ಲ. ಅವರು ಹೇಳಿದ್ದನ್ನು ಐದನೇ ಕ್ಲಾಸಿನ ಮಗ ಬರೆದಿದ್ದ. ‘ಇವನಿಗೆ ಮಗ್ಗಿ ಬಂದಿದೆ. ಈಗ ಸಂತೇಲಿ ನಮಗೆ ಲೆಕ್ಕದಾಗೆ ಮೋಸ ಆಗಲ್ಲ.’ ಅಷ್ಟೇ. ಕೆಳಗೆ ಹೆಬ್ಬೆಟ್ಟು. ನನ್ನ ಬೀರುವಿನಲ್ಲಿ ಸನ್ಮಾನದ ಶಾಲುಗಳೂ ಇವೆ. ಅವು ಯಾವ ಸಭೆಯದ್ದು ಅಂತ ನೆನಪಿಲ್ಲ. ಆ ಹೆಬ್ಬೆಟ್ಟು ಯಾರದ್ದು ಅಂತ ಇವತ್ತಿಗೂ ಗೊತ್ತು.

ಅದಕ್ಕೇ ನೀವು ಕಾಗದ ಬರೆಯಿರಿ. ‘ನೀವು ದೇವರ ಸಮಾನ’ ಅಂತೆಲ್ಲ ಬೇಡ, ಅದನ್ನು ಎಲ್ಲರೂ ಬರೆಯುತ್ತಾರೆ. ಈಗ ಇಲ್ಲಿ ಬಸ್ ಸ್ಟ್ಯಾಂಡಿನ ವಿಷಯ ಬರೆದಿರಲ್ಲ, ಅದನ್ನೇ ಬರೆಯಿರಿ. ಶಾಲೆಯಲ್ಲಿ ಹೇಳಿಕೊಟ್ಟದ್ದು ಮನೆಯಲ್ಲಿ, ಬೀದಿಯಲ್ಲಿ ಏನಾಯಿತು ಅನ್ನುವುದು ನಮಗೆ ಕಾಣುವುದೇ ಇಲ್ಲ. ಮಗಳ ಕೈಯಲ್ಲೂ ನಾಲ್ಕು ಸಾಲು ಬರೆಸಿ. ಮುಖ್ಯವಾಗಿ, ಅವಳ ತಪ್ಪುಗಳನ್ನು ತಿದ್ದಬೇಡಿ. ಅಮ್ಮ ತಿದ್ದಿದ ಕಾಗದ ನಮಗೆ ದೂರದಿಂದಲೇ ಗೊತ್ತಾಗುತ್ತದೆ.

ಇನ್ನೊಂದು ಮಾತು, ಸರ್ಕಾರಿ ಶಾಲೆಯ ಪೋಷಕರಿಗೆ. ನಾವು ಸರ್ಕಾರಿ ನೌಕರರು. ಉಡುಗೊರೆ ತೆಗೆದುಕೊಳ್ಳುವುದಕ್ಕೆ ನಡತೆ ನಿಯಮಗಳಲ್ಲಿ ಮಿತಿ ಇದೆ. ಬೆಳ್ಳಿ ದೀಪ, ದುಬಾರಿ ಸೀರೆ ತಂದರೆ ಬೇಡ ಅನ್ನಲೂ ಕಷ್ಟ, ಬೇಕು ಅನ್ನಲೂ ಕಷ್ಟ. ಪರೀಕ್ಷೆ ಹತ್ತಿರ ಇರುವಾಗಂತೂ ಏನೂ ತರಬೇಡಿ. ನೀವು ಶುದ್ಧ ಮನಸ್ಸಿನಿಂದಲೇ ತಂದಿರುತ್ತೀರಿ, ನೋಡಿದವರು ಬೇರೆ ಲೆಕ್ಕ ಹಾಕುತ್ತಾರೆ.

ಸಣ್ಣ ಕಾಫಿ ಬೆಳೆಗಾರ, ಮೂಡಿಗೆರೆ ಕಡೆ

ನಮ್ಮ ಕಡೆ ಈ ಪ್ರಶ್ನೆಗೆ ಮಳೆಗಾಲವೇ ಉತ್ತರ ಕೊಡುತ್ತದೆ. ಆಗಸ್ಟ್, ಸೆಪ್ಟೆಂಬರ್ ಅಂದರೆ ಅಂಗಳದ ತುಂಬ ಡೇರೆ ಹೂವು. ನಾನು ಓದುವಾಗ ಕೊಡೆಯೊಳಗೆ ಹೂ ಹಿಡಿದುಕೊಂಡು ಹೋಗುತ್ತಿದ್ದೆವು. ನಾವು ನೆನೆದರೂ ಹೂವು ನೆನೆಯಬಾರದು.

ಈಗ ಮಗನ ಟೀಚರ್‌ಗೆ ಪ್ರತಿ ವರ್ಷ ನಮ್ಮದೇ ತೋಟದ ಕಾಫಿಪುಡಿ ಕಾಲು ಕೆ.ಜಿ. ಕೊಡುತ್ತೇವೆ. ಹಳೆಯ ಹಾರ್ಲಿಕ್ಸ್ ಬಾಟಲಿಯನ್ನು ತೊಳೆದು ಬಿಸಿಲು ಸಿಕ್ಕ ದಿನ ಒಣಗಿಸಿ ಅದರಲ್ಲಿ ತುಂಬುತ್ತೇವೆ. ಚಿಕೋರಿ ಹಾಕಿದೆಯೋ ಇಲ್ಲವೋ ಅಂತ ಒಂದು ಚೀಟಿ ಅಂಟಿಸಿ. ನಾವು ಹಾಕುವುದಿಲ್ಲ, ಆದರೆ ಬಯಲುಸೀಮೆಯಿಂದ ಬಂದ ಮೇಷ್ಟ್ರಿಗೆ ಚಿಕೋರಿ ಇಲ್ಲದಿದ್ದರೆ ಕಾಫಿ ಕುಡಿದ ಹಾಗೇ ಆಗುವುದಿಲ್ಲವಂತೆ!

ಒಂದು ವರ್ಷ ಎಡವಟ್ಟಾಯಿತು. ಹೊಸ ಮೇಡಂ ಮನೆಯವರದ್ದೇ ದೊಡ್ಡ ತೋಟ ಅಂತ ಆಮೇಲೆ ಗೊತ್ತಾಯಿತು. ತೋಟದವರ ಮನೆಗೇ ಕಾಫಿಪುಡಿ. ಪಾಪ, ನಗುತ್ತಾ ತೆಗೆದುಕೊಂಡರು. ಮುಂದಿನ ವರ್ಷ ನನ್ನ ಹೆಂಡತಿ ಮಳೆ ಹಿಡಿಯುವ ಮೊದಲೇ ನಾಲ್ಕು ಬಣ್ಣದ ಡೇರೆ ಗೆಡ್ಡೆ ಕೊಟ್ಟಳು, ಒಂದೊಂದಕ್ಕೂ ಬಣ್ಣದ ಹೆಸರು ಬರೆದು ದಾರ ಕಟ್ಟಿ. ಆ ಮೇಡಂ ಈಗ ವರ್ಗವಾಗಿ ಹೋಗಿದ್ದಾರೆ. ಹೂ ಬಿಟ್ಟಾಗ ಈಗಲೂ ಫೋಟೋ ಕಳಿಸುತ್ತಾರೆ. ನೇರಳೆ ಅಂತ ಬರೆದಿದ್ದು ಬಿಳಿ ಬಿಟ್ಟಿದೆಯಂತೆ. ಅದಕ್ಕೆ ನಾವು ಜವಾಬ್ದಾರರಲ್ಲ.

ಆಲೂರು ಕಡೆಯ ರೈತ

ನಾವು ಹೊಸ ಆಲೂಗಡ್ಡೆ ಕಿತ್ತ ಖುಷಿಯಲ್ಲಿ ಹತ್ತು ಕೆ.ಜಿ. ಚೀಲ ಕೊಟ್ಟೆವು. ಮೇಡಂ ದಿನಾ ಎರಡು ಬಸ್ ಬದಲಾಯಿಸಿ ಹಾಸನಕ್ಕೆ ಹೋಗುವವರು. ಅವರು ಚೀಲ ಎಳೆದುಕೊಂಡು ಬಸ್ ಹತ್ತುವುದನ್ನು ನೋಡಿ ನನಗೇ ನಾಚಿಕೆ ಆಯಿತು. ಕೊಡುವ ಮೊದಲು ಅವರು ಹೇಗೆ ಮನೆಗೆ ಹೋಗುತ್ತಾರೆ ಅಂತ ನೋಡಿ. ಅಷ್ಟೇ ನನ್ನ ಅನುಭವ.

ಖಾಸಗಿ ಶಾಲೆಯ ಶಿಕ್ಷಕಿ, ಚಿಕ್ಕಮಗಳೂರು

ಆ ಟಿಕ್ ಮಾರ್ಕ್ ಪಟ್ಟಿ ಸುತ್ತಿ ಬಳಸಿ ನಮ್ಮ ಫೋನಿಗೂ ಬರುತ್ತದೆ. ಯಾರಾದರೂ ಒಬ್ಬರು ತೋರಿಸುತ್ತಾರೆ. ಯಾರ ಹೆಸರಿನ ಮುಂದೆ ಖಾಲಿ ಇದೆ ಅಂತ ನೋಡಿದರೆ ನಮಗೂ ಮುಜುಗರ. ಮಾರನೇ ದಿನ ಆ ಮಗುವಿನ ಮುಖ ನೋಡಬೇಕಲ್ಲ. ‘ದಯವಿಟ್ಟು ಬೇಡ’ ಅಂತ ನಾನು ಎರಡು ಸಲ ಹೇಳಿದ್ದೇನೆ. ಸಂಕೋಚಕ್ಕೆ ಹೇಳುತ್ತಾರೆ ಅಂದುಕೊಂಡು ಇನ್ನೂ ದೊಡ್ಡ ಕೇಕ್ ತಂದರು. ನನಗೆ ಶುಗರ್ ಇದೆ.

ಕಾಗದದ ಬಗ್ಗೆ ಹಿರಿಯ ಮೇಡಂ ಹೇಳಿದ್ದು ನೂರಕ್ಕೆ ನೂರು ಸರಿ. ಅದಕ್ಕೆ ನನ್ನದೊಂದು ಸೇರಿಸಿ. ಅದೇ ಕಾಗದದ ಇನ್ನೊಂದು ಪ್ರತಿಯನ್ನು ಹೆಡ್ ಮಿಸ್‌ಗೆ ಕೊಡಿ. ಪೋಷಕರಿಂದ ಆಫೀಸಿಗೆ ಬರಹದಲ್ಲಿ ಬರುವುದು ದೂರು ಮಾತ್ರ. ಹೊಗಳಿಕೆ ಎಲ್ಲ ಗೇಟಿನ ಹತ್ತಿರ ಬಾಯಿಮಾತಿನಲ್ಲೇ ಮುಗಿದು ಹೋಗುತ್ತದೆ. ಖಾಸಗಿ ಶಾಲೆಯಲ್ಲಿ ನಮ್ಮ ಸಂಬಳ ಜಾಸ್ತಿ ಮಾಡುವಾಗ, ಮುಂದಿನ ವರ್ಷಕ್ಕೆ ಉಳಿಸಿಕೊಳ್ಳುವಾಗ ಫೈಲಿನಲ್ಲಿ ಇಂಥ ಒಂದು ಕಾಗದ ಇದ್ದರೆ ಅದರ ಬೆಲೆ ಸೀರೆಗಿಂತ ಜಾಸ್ತಿ. ಇದನ್ನು ಪೋಷಕರು ಯಾಕೋ ಯೋಚಿಸುವುದೇ ಇಲ್ಲ.

ಮತ್ತೆ, ನೀವು ಟೈಲರ್ ಅಂದಿರಿ. ನಾವು ಚಾರ್ಟ್ ಪೇಪರ್, ಗಮ್, ಮಾರ್ಕರ್ ಎಲ್ಲ ಎಷ್ಟೋ ಸಲ ಕೈಯಿಂದ ದುಡ್ಡು ಹಾಕಿ ತರುತ್ತೇವೆ. ನನ್ನ ಮಿಂಚುಪಟ್ಟಿಗಳೆಲ್ಲ (ಪದ ಬರೆದ ಫ್ಲ್ಯಾಶ್ ಕಾರ್ಡುಗಳು) ಒಂದು ಹಳೆಯ ಶೂ ಡಬ್ಬದಲ್ಲಿವೆ. ‘ಮರ’ ಬೇಕಾದಾಗ ‘ಮೊಲ’ ಸಿಗುತ್ತದೆ. ಗೋಡೆಗೆ ನೇತುಹಾಕುವ ಹಾಗೆ ಜೇಬು ಜೇಬಾಗಿ ಹೊಲಿದ ಒಂದು ಬಟ್ಟೆ ಯಾರಾದರೂ ಕೊಟ್ಟರೆ ನಾನು ಕುಣಿದಾಡುತ್ತೇನೆ. ನಿಮಗೆ ಕಟ್ ಪೀಸ್ ಸಿಗುತ್ತದೆ ಅಲ್ವಾ?

ಒಬ್ಬ ತಾಯಿ, ಚನ್ನರಾಯಪಟ್ಟಣ

ಎಲ್ಲರೂ ಚೆನ್ನಾಗೇ ಹೇಳುತ್ತಿದ್ದೀರಿ. ಎಲ್ಲ ಕಡೆ ಹೀಗಿರುವುದಿಲ್ಲ. ನನ್ನ ಮಗ ಮೊದಲು ಓದುತ್ತಿದ್ದ ಶಾಲೆಯಲ್ಲಿ ಬಂದ ಗಿಫ್ಟ್‌ಗಳನ್ನೆಲ್ಲ ಕ್ಲಾಸಿನಲ್ಲೇ ಬಿಚ್ಚಿ, ಯಾರು ಏನು ತಂದರು ಅಂತ ಓದಿ ಹೇಳಿದರು. ಇವನು ತೆಗೆದುಕೊಂಡು ಹೋಗಿದ್ದು ತಾನೇ ಬಣ್ಣ ಹಚ್ಚಿದ ಕಾರ್ಡು. ‘ಇದು ಬರೀ ಪೇಪರ್’ ಅಂತ ಪಕ್ಕದ ಹುಡುಗ ನಕ್ಕ. ಮಿಸ್ ಏನೂ ಹೇಳಲಿಲ್ಲ. ಮಾರನೇ ದಿನ ಮಗ ಹೊಟ್ಟೆನೋವು ಅಂತ ಶಾಲೆಗೆ ಹೋಗಲಿಲ್ಲ. ಕಾಗದ ಬರೆಯಿರಿ ಅನ್ನುವುದು ಸುಲಭ. ಅದನ್ನು ಹಿಡಿದುಕೊಂಡು ಹೋಗುವುದು ಮಗು.

ನಿವೃತ್ತ ಶಿಕ್ಷಕಿ, ಕಡೂರು ತಾಲ್ಲೂಕು

ನಿಜ ತಾಯಿ. ಅಂಥವರೂ ಇದ್ದಾರೆ, ಇಲ್ಲ ಅಂದರೆ ಸುಳ್ಳಾಗುತ್ತದೆ. ನಾನು ಇದನ್ನು ಯೋಚಿಸಿರಲಿಲ್ಲ. ಹಾಗಿದ್ದರೆ 5ನೇ ತಾರೀಖು ಕಳಿಸಲೇಬೇಡಿ. ಎರಡು ದಿನ ಬಿಟ್ಟು, ಶಾಲೆ ಬಿಟ್ಟ ಮೇಲೆ ನೀವೇ ಹೋಗಿ ಕೈಗೆ ಕೊಡಿ. ಐದನೇ ತಾರೀಖಿನ ಗಲಾಟೆಯಲ್ಲಿ ನಮಗೂ ಯಾರದ್ದನ್ನೂ ಸರಿಯಾಗಿ ಓದಲು ಆಗುವುದಿಲ್ಲ.

ಡಿಗ್ರಿ ಹುಡುಗ, ಊರು ಕೊಪ್ಪ, ಈಗ ಬೆಂಗಳೂರು

ಹೈಸ್ಕೂಲಿನ ಗಣಿತದ ಸರ್‌ಗೆ ನಾನು ಪ್ರತಿ ವರ್ಷ ರಿಸಲ್ಟ್ ಬಂದಾಗ ಒಂದು ಅಂಚೆ ಕಾರ್ಡು ಹಾಕುತ್ತೇನೆ. ಐವತ್ತು ಪೈಸೆ. ಇದಕ್ಕಿಂತ ಅಗ್ಗದ್ದು ಯಾರಾದರೂ ಹೇಳಿ ನೋಡೋಣ. ಕಾರ್ಡು ಅಂದ ಮೇಲೆ ಗುಟ್ಟು ಇಲ್ಲ. ನಮ್ಮೂರಿನ ಪೋಸ್ಟ್‌ಮ್ಯಾನ್ ಅದನ್ನು ಕ್ಯಾಂಟೀನಿನಲ್ಲಿ ಓದಿ ಹೇಳಿಯೇ ಸರ್ ಮನೆಗೆ ಕೊಡುವುದು. ಹಾಗಾಗಿ ಸರ್‌ಗೆ ಗೊತ್ತಾಗುವ ಮೊದಲೇ ಊರಿಗೆಲ್ಲ ಗೊತ್ತಿರುತ್ತದೆ. ಸರ್ ಮೇಲ್ನೋಟಕ್ಕೆ ಬೈಯುತ್ತಾರೆ.

ಅಂದಹಾಗೆ, ನಾವು ಯಾರ ಹುಟ್ಟುಹಬ್ಬದ ದಿನ ಇದನ್ನೆಲ್ಲ ಮಾಡುತ್ತೇವೋ ಆ ರಾಧಾಕೃಷ್ಣನ್ ಅವರು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮೇಷ್ಟ್ರಾಗಿದ್ದವರು. 1921ರಲ್ಲಿ ಕಲ್ಕತ್ತಾಕ್ಕೆ ಹೊರಟಾಗ ಹುಡುಗರು ಹೂವಿನಿಂದ ಸಿಂಗರಿಸಿದ ಗಾಡಿಯಲ್ಲಿ ಅವರನ್ನು ಕೂರಿಸಿ, ಕುದುರೆ ಬದಲು ತಾವೇ ಸ್ಟೇಷನ್‌ವರೆಗೆ ಎಳೆದುಕೊಂಡು ಹೋದರು. ಹಾಸನದ ಬಿ.ಎಂ. ರಸ್ತೆಯಲ್ಲಿ ಈಗ ಅದು ಆಗುವ ಮಾತಲ್ಲ, ಬಿಡಿ.

ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯೆ, ಅರಕಲಗೂಡು ತಾಲ್ಲೂಕು

ನಮ್ಮದು ಸರ್ಕಾರಿ ಶಾಲೆ. ಒಬ್ಬೊಬ್ಬರಿಗೆ ಬೇರೆ ಬೇರೆ ಕೊಡುವುದನ್ನು ನಿಲ್ಲಿಸಿ, ಹೋದ ವರ್ಷ ಒಂದು ಊಟ ಮಾಡಿದೆವು. ಹೆಡ್ ಮಾಸ್ಟರ್ ಹತ್ತಿರ ಮೊದಲೇ ಕೇಳಿಕೊಂಡು ಒಂದು ಶನಿವಾರ ಇಟ್ಟುಕೊಂಡೆವು. ಮನೆಗೆ ಒಂದು ಸೇರು ರಾಗಿ ಹಿಟ್ಟು, ಅರ್ಧ ಸೇರು ಹುರುಳಿಕಾಳು, ಒಂದು ತೆಂಗಿನಕಾಯಿ. ದುಡ್ಡು ತರಬಾರದು ಅಂತ ಕಟ್ಟುನಿಟ್ಟು. ತಾಯಂದಿರೇ ಮುದ್ದೆ ಕಟ್ಟಿದೆವು, ಹುರುಳಿ ಬಸ್ಸಾರು, ಪಾಯಸ. ತಂದೆಯರು ಬಡಿಸಿದರು. ಕೆಲವರು ಜೀವಮಾನದಲ್ಲಿ ಮೊದಲ ಸಲ ಸೌಟು ಹಿಡಿದಿದ್ದು.

ಪಂಕ್ತಿಯಲ್ಲಿ ಟೀಚರ್‌ಗಳ ಜೊತೆ ಅತಿಥಿ ಶಿಕ್ಷಕರನ್ನೂ, ಬಿಸಿಯೂಟ ಮಾಡುವ ಇಬ್ಬರು ಅಕ್ಕಂದಿರನ್ನೂ ಕೂರಿಸಿದೆವು. ಆ ಅಕ್ಕಂದಿರು ಕೂರಲು ಒಪ್ಪಲೇ ಇಲ್ಲ. ‘ಎಲೆ ಹಾಕಾಯ್ತು, ಕೂತ್ಕೊಳಿ’ ಅಂತ ಕೈ ಹಿಡಿದು ಕೂರಿಸಬೇಕಾಯಿತು. ಅದರಲ್ಲಿ ಒಬ್ಬರು ಅರ್ಧ ಊಟದಲ್ಲಿ ಎದ್ದು, ಸಾರು ತಳ ಹಿಡಿಯುತ್ತಿದೆ ಅಂತ ಒಲೆ ಹತ್ತಿರ ಓಡಿದರು. ನಿಜವಾಗಿಯೂ ಹಿಡಿಯುತ್ತಿತ್ತು.

ನಾಲ್ಕನೇ ಕ್ಲಾಸಿನ ಹುಡುಗಿಯ ಅಮ್ಮ, ಹಾಸನ

ಎಲ್ಲರಿಗೂ ಉತ್ತರ ಹೇಳಲು ತಡವಾಯಿತು, ಬೇಜಾರು ಮಾಡಿಕೊಳ್ಳಬೇಡಿ. ಏನಾಯಿತು ಅಂತ ಹೇಳುತ್ತೇನೆ.

ಅರಸೀಕೆರೆ ಅಣ್ಣ ಹೇಳಿದ ಸಾಲನ್ನು ಹಾಗೇ ಗ್ರೂಪಿಗೆ ಹಾಕಿದೆ. ಅರ್ಧ ಗಂಟೆಯಲ್ಲಿ ಇನ್ನೂ ಮೂವರು ಅದೇ ಸಾಲು ಹಾಕಿದರು. ಅಷ್ಟು ದಿನ ಅವರೂ ಸುಮ್ನೆ ಇದ್ದರು. ಸೀರೆ ಕೊಡುವವರು ಕೊಟ್ಟರು, ಅದು ಅವರಿಷ್ಟ.

ಎರಡು ಭಾನುವಾರ ಕೂತು ಜೇಬಿನ ಬಟ್ಟೆ ಹೊಲಿದೆ. ಹದಿನೈದು ಜೇಬು. ಬಟ್ಟೆ ಮನೆಯಲ್ಲೇ ಇತ್ತು. ಮೇಲೆ ಕೋಲು ತೂರಿಸಲು ಪಟ್ಟಿ ಬಿಟ್ಟೆ. ದಾರ, ಕೋಲು, ಬಣ್ಣದ ಲೇಸು ಸೇರಿ 45 ರೂಪಾಯಿ. ಕಾಗದ ನಾನೇ ಬರೆದೆ, ಇನ್ನೊಂದು ಪ್ರತಿ ಹೆಡ್ ಮಿಸ್‌ಗೆ. ಐದನೇ ತಾರೀಖು ಬಿಟ್ಟು ಸೋಮವಾರ ಸಂಜೆ ಹೋಗಿ ಕೊಟ್ಟೆ. ಮಿಸ್ ಕಾಗದವನ್ನು ನಿಂತೇ ಓದಿದರು. ಆಮೇಲೆ ಬಾಗಿಲ ಪಕ್ಕದ ಮೊಳೆಯಲ್ಲಿದ್ದ ಕ್ಯಾಲೆಂಡರ್ ತೆಗೆದು ಬಟ್ಟೆಯನ್ನು ಅಲ್ಲೇ ನೇತುಹಾಕಿದರು.

ಮಗಳು ಏನು ಬರೆದಳು ಗೊತ್ತಾ? ನಾಲ್ಕು ಸಾಲು ಬರಿ ಅಂದರೆ, ಬಸ್ ಸ್ಟ್ಯಾಂಡಿನಲ್ಲಿ ಓದಿದ ಬೋರ್ಡುಗಳ ಪಟ್ಟಿ ಬರೆದಳು. ಚನ್ನರಾಯಪಟ್ಟಣ, ಚಿಕ್ಕಮಗಳೂರು, ಧರ್ಮಸ್ಥಳ, ಕುಕ್ಕೆ ಸುಬ್ರಹ್ಮಣ್ಯ. ಕೆಳಗೆ ‘ಇದೆಲ್ಲಾ ನಾನೇ ಓದಿದ್ದು ಮಿಸ್’. ಸುಬ್ರಹ್ಮಣ್ಯದಲ್ಲಿ ‘ಹ್ಮ’ ತಪ್ಪಾಗಿತ್ತು. ತಿದ್ದಲು ಕೈ ತುರಿಸುತ್ತಿತ್ತು. ಹಿರಿಯ ಮೇಡಂ ಹೇಳಿದ್ದರಲ್ಲ ಅಂತ ಹಾಗೇ ಬಿಟ್ಟೆ.

ಮಾರನೇ ದಿನ ಮಿಸ್ ಅದನ್ನು ಕೆಂಪು ಪೆನ್ನಿನಲ್ಲಿ ತಿದ್ದಿ, ಹತ್ತಕ್ಕೆ ಒಂಬತ್ತು ಹಾಕಿ ಮಗಳಿಗೆ ತೋರಿಸಿದರಂತೆ. ಕಾಗದವನ್ನು ಮಾತ್ರ ವಾಪಸ್ ಕೊಡಲಿಲ್ಲವಂತೆ.